ಕಡೆಯ ಪಂಕ್ತಿ

ಕಲಬುರಗಿಯಲ್ಲಿ ಬಹುಕಾಲ ಪ್ರಸೂತಿ ವೈದ್ಯೆಯಾಗಿದ್ದು ಈಗ ವಿಶ್ರಾಂತ ಜೀವನವನ್ನು ನಡೆಸುತ್ತಿರುವ ಒಬ್ಬ ಮಹಿಳೆಗೂ, ಕಮಲಾಪುರದ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾಗಿ ಅಲ್ಲಿಯೇ ಸ್ವಲ್ಪ ಬಾಳೆಯ ತೋಟವನ್ನು ನೋಡಿಕೊಂಡಿರುವ ಒಬ್ಬ ಮಾಸ್ತರರಿಗೂ ನಡೆದ ಮಾತುಕತೆ ಇದು. ಮಾಸ್ತರರ ಮಗಳು ಚೊಚ್ಚಲ ಬಸುರಿ. ಏಳನೆಯ ತಿಂಗಳಲ್ಲಿ ಕುಬಸ ಮುಗಿಸಿಕೊಂಡು ತವರಿಗೆ ಬಂದವಳು. ಕಾಲ, ಚೈತ್ರದ ಬಿರುಬಿಸಿಲು.

ಮಾಸ್ತರರು: ಅಕ್ಕಾವರೇ, ಮಗಳ ತಾಯಿ ಕಾರ್ಡಿನಲ್ಲಿ ರಕ್ತದ ಪ್ರಮಾಣ ಒಂಬತ್ತು ಗ್ರಾಂ ಎಂದು ಬರೆದುಕೊಟ್ಟ ದಿನದಿಂದ ನಮ್ಮ ಮನೆ ಒಂದು ವಿದ್ವತ್ಸಭೆಯಾಗಿಬಿಟ್ಟಿದೆ. ನೆರೆಯವಳು ಪಪ್ಪಾಯಿಯನ್ನು ಮನೆಯೊಳಗೇ ತರಬಾರದೆನ್ನುತ್ತಾಳೆ; ಔಷಧದಂಗಡಿಯವನು ಡಬ್ಬಿಯ ಪುಡಿಯೊಂದನ್ನು ಹಾಲಿನಲ್ಲಿ ಕಲಸಿ ಕುಡಿಸಿರೆನ್ನುತ್ತಾನೆ; ತೊಂಬತ್ತರ ಹತ್ತಿರಕ್ಕೆ ಬಂದಿರುವ ನನ್ನ ತಾಯಿ, “ಹೊಟ್ಟಿ ತುಂಬ ಉಂಡರ ಕೂಸು ಎಲ್ಲಿ ಕೂಡಬೇಕು?” ಎಂದು ಪ್ರತಿ ಊಟಕ್ಕೂ ಒಂದು ರೊಟ್ಟಿಯನ್ನು ಹಿಂದಕ್ಕೆ ಎಳೆಯುತ್ತಾಳೆ. ನನಗೆ ತೋಚಿದ್ದು ನಮ್ಮ ತೋಟದ ಕೆಂಬಾಳೆ. ಭೌಗೋಳಿಕ ಗುರುತಿನ ಮನ್ನಣೆ ಪಡೆದು ಊರಿಗೆ ಹೆಸರು ತಂದ ಹಣ್ಣು, ಬಣ್ಣವೂ ಕೆಂಪು. ದಿನಕ್ಕೆ ಎರಡರಂತೆ ಕೊಡುತ್ತಿದ್ದೇನೆ.

ವೈದ್ಯೆ: ಕೊಡಿರಿ, ಸಂತೋಷವಾಗಿ ಕೊಡಿರಿ, ಆದರೆ ಆ ಸಿಪ್ಪೆಯ ಕೆಂಪು ರಕ್ತದ ಕೆಂಪಾಗುವುದೆಂಬ ಭರವಸೆಯನ್ನು ಮಾತ್ರ ಇಟ್ಟುಕೊಳ್ಳಬೇಡಿ. ಬಾಳೆಯಲ್ಲಿ ಶಕ್ತಿಯುಂಟು, ಪೊಟ್ಯಾಸಿಯಂ ಉಂಟು, ಬಿ-6 ಜೀವಸತ್ವವುಂಟು, ಬಸುರಿಯರನ್ನು ಕಾಡುವ ಮಲಬದ್ಧತೆಗೆ ಬೇಕಾದ ನಾರೂ ಉಂಟು. ಕಬ್ಬಿಣ ಮಾತ್ರ ಹೆಸರಿಗಷ್ಟೇ. ಹಳದಿ ಬಾಳೆಗಿಂತ ಕೆಂಬಾಳೆಯಲ್ಲಿ ಕ್ಯಾರೊಟಿನ್ ಹೆಚ್ಚಿರುವುದರಿಂದ ಅದಕ್ಕೊಂದು ಮೇಲ್ಮೆ ಇದೆ, ನಿಜ. ಆದರೂ ನೀವು ಒಂದೂವರೆ ವರ್ಷದಷ್ಟು ಕಾಲ ನೀರೆರೆದು ಕಾದು ಬೆಳೆಯುವ, ಪೇಟೆಯಲ್ಲಿ ಒಳ್ಳೆಯ ಬೆಲೆ ತರುವ ಈ ಹಣ್ಣಿಗಿಂತ, ನಿಮ್ಮ ತೋಟದ ಬದುವಿನಲ್ಲಿ ಯಾರೂ ಬೆಲೆ ಕಟ್ಟದೆ ಬೆಳೆದಿರುವ ರಾಜಗಿರಿ, ಪುಂಡಿ, ಮೆಂತ್ಯೆ, ಹಕ್ಕರಿಕಿ, ಇವೇ ನಿಮ್ಮ ಮಗಳಿಗೆ ಹೆಚ್ಚು ಹತ್ತಿರದ ಬಂಧುಗಳು.

ಮಾಸ್ತರರು: ಪಲ್ಯಕ್ಕೆ ನಮ್ಮಲ್ಲಿ ಕೊರತೆಯೇ ಇಲ್ಲ. ಎಳ್ಳಮವಾಸ್ಯೆಯ ಭಜ್ಜಿಯಲ್ಲಿ ನಾವು ಎಷ್ಟು ಬಗೆಯ ಸೊಪ್ಪು, ಎಷ್ಟು ಬಗೆಯ ಹಸಿಕಾಳು ಹಾಕುತ್ತೇವೆಂಬುದನ್ನು ಲೆಕ್ಕವಿಟ್ಟವರುಂಟೆ? ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಇವೆಲ್ಲ ಬಡವನ ಮನೆಯಲ್ಲಿಯೂ ಇದ್ದ ಪದಾರ್ಥಗಳು. ಇಂಥ ನಾಡಿನಲ್ಲಿ ಹುಟ್ಟಿ ಜೋಳ ಉಂಡು ಬೆಳೆದ ಹುಡುಗಿಗೆ ರಕ್ತ ಕಡಿಮೆಯಾಗುವುದೆಂದರೇನು?

ವೈದ್ಯೆ: ಈ ಪ್ರಶ್ನೆಯನ್ನು ನೀವು ಕೇಳುವ ಮೊದಲೇ ಕೇಳಿದವರಿದ್ದಾರೆ. ಕಲಬುರಗಿ 1956ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದುದು ನಿಮಗೆ ತಿಳಿದದ್ದೇ. ಆ ಹೈದರಾಬಾದಿಗೆ 1958ರಲ್ಲಿ ಕೂನೂರಿನಿಂದ ಪೋಷಣ ಸಂಶೋಧನಾಲಯವು ಸ್ಥಳಾಂತರಗೊಂಡಿತು, ಅಲ್ಲಿಯ ಸಿ. ಗೋಪಾಲನ್ ಮತ್ತು ಶ್ರೀಕಂಟಿಯಾ ಎಂಬ ವಿಜ್ಞಾನಿಗಳು, ದಖ್ಖನಿನ ಬಡವರಲ್ಲಿ ಜೋಳವನ್ನೇ ಮುಖ್ಯವಾಗಿ ಉಣ್ಣುವವರಿಗೆ ಪೆಲ್ಲಾಗ್ರಾ ಎಂಬ ಚರ್ಮರೋಗ ಬರುತ್ತಿರುವುದನ್ನು ಗಮನಿಸಿ, 1960ರಲ್ಲಿ ಅದರ ಕಾರಣವನ್ನು ಜೋಳದ ಲ್ಯೂಸಿನ್ ಎಂಬ ಅಂಶದಲ್ಲಿ ಹುಡುಕಿದರು. ಆ ಕಾರಣದ ಕುರಿತು ಮುಂದೆ ವಾದವಿವಾದಗಳಾದವು, ಅದು ಹಾಗಿರಲಿ. ನಾವು ಗ್ರಹಿಸಬೇಕಾದದ್ದು ಇಷ್ಟು: ರೋಗ ಬಂದದ್ದು ಜೋಳ ತಿಂದವರಿಗಲ್ಲ, ಜೋಳವೊಂದನ್ನೇ ತಿಂದವರಿಗೆ. ಜೋಳದಲ್ಲಿ ಲೈಸಿನ್ ಎಂಬ ಸಸಾರಜನಕದ ಘಟಕ ಕಡಿಮೆ. ತೊಗರಿಯಲ್ಲಿ ಅದು ಹೇರಳ. ರೊಟ್ಟಿಯೂ ಗಟ್ಟಿ ಬೇಳೆಯೂ ಒಂದೇ ಊಟದಲ್ಲಿ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕಬ್ಬಿಣದ ವಿಷಯವೂ ಹಾಗೆಯೇ. ಜೋಳದಲ್ಲಿ ಕಬ್ಬಿಣ ಸಾಕಷ್ಟಿದೆ. ಆದರೆ ಅದರೊಳಗಿನ ಫೈಟೇಟ್ ಎಂಬ ವಸ್ತು ಆ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಕರುಳು ಹೀರದಂತೆ ಮಾಡುತ್ತದೆ. ಹುಳಿ ಆ ಹಿಡಿತವನ್ನು ಸಡಿಲಿಸುತ್ತದೆ: ಲಿಂಬೆ, ನೆಲ್ಲಿ, ಟೊಮ್ಯಾಟೊ, ಹಸಿಯ ಪುಂಡಿ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೂ ಫೈಟೇಟ್ ಇಳಿಯುತ್ತದೆ. ಇನ್ನು ಆ ಹಿಡಿತವನ್ನು ಮತ್ತಷ್ಟು ಬಿಗಿಗೊಳಿಸುವ ಪದಾರ್ಥವೊಂದಿದೆ. ನಮ್ಮ ಭಾಗದಲ್ಲಿ ಅದಿಲ್ಲದೆ ಊಟ ಮುಗಿಯುವುದೇ ಇಲ್ಲ.

ಮಾಸ್ತರರು: ಚಹಾ.

ವೈದ್ಯೆ: ಚಹಾ! ಊಟವಾದೊಡನೆ ಕುಡಿದ ಒಂದು ಬಟ್ಟಲು ಚಹಾ, ಉಂಡ ಸೊಪ್ಪಿನ ಅರ್ಧಕ್ಕೂ ಹೆಚ್ಚು ಪುಣ್ಯವನ್ನು ಅಪಹರಿಸಿಬಿಡುತ್ತದೆ. ಬಿಡಿರೆಂದು ನಾನು ಹೇಳುವುದಿಲ್ಲ, ಹೇಳಿದರೆ ಯಾರೂ ಬಿಡುವುದೂ ಇಲ್ಲ. ಊಟದಿಂದ ಒಂದೆರಡು ಗಂಟೆ ದೂರವಿಡಿ ಎಂದಷ್ಟೇ ನನ್ನ ಬೇಡಿಕೆ.

ಮಾಸ್ತರರು: ಸರಕಾರದಿಂದ ಕೊಡುವ ಕಬ್ಬಿಣದ ಗುಳಿಗೆಗಳನ್ನು ಆಶಾ ಕಾರ್ಯಕರ್ತೆ ತಪ್ಪದೆ ತಂದು ಕೊಡುತ್ತಾಳೆ. ಆದರೆ ಅತ್ತೆಯ ಮನೆಯಲ್ಲಿದ್ದಾಗ ಮಗಳು ಅವನ್ನು ನುಂಗಿದಂತೆ ಕಾಣಲಿಲ್ಲ. ಮಲ ಕಪ್ಪಾಗುತ್ತದೆ, ವಾಕರಿಕೆ ಬರುತ್ತದೆ ಎಂಬ ದೂರು. ಅದಲ್ಲದೆ ಗುಳಿಗೆ ನುಂಗಿದರೆ ಕೂಸು ಕಪ್ಪಾಗುವುದು, ಇಲ್ಲವೆ ದಪ್ಪನಾಗಿ ಹೆರಿಗೆ ಕಷ್ಟವಾಗುವುದು ಎಂಬ ಮಾತು ಬೇರೆ.

ವೈದ್ಯೆ: ಮಲ ಕಪ್ಪಾಗುವುದು ನಿಜ, ಅದು ಹೀರದೆ ಉಳಿದ ಕಬ್ಬಿಣದ ಬಣ್ಣ, ಅದರಿಂದ ಭಯವಿಲ್ಲ. ಕೂಸಿನ ಮೈಬಣ್ಣಕ್ಕೂ ಗುಳಿಗೆಗೂ ಸಂಬಂಧವಿಲ್ಲ. ಒಂದು ಬಸಿರು ಮೊದಲಿನಿಂದ ಕೊನೆಯವರೆಗೆ ಹೆಣ್ಣಿನ ದೇಹದಿಂದ ಕೇಳುವ ಕಬ್ಬಿಣ ಸುಮಾರು ಒಂದು ಗ್ರಾಂ: ಶಿಶುವಿಗೂ ಮಾಸಿಗೂ ಒಂದು ಭಾಗ, ಹೆಚ್ಚಬೇಕಾದ ತಾಯಿಯ ರಕ್ತಕ್ಕೆ ಅದಕ್ಕಿಂತ ದೊಡ್ಡ ಭಾಗ, ಉಳಿದದ್ದು ನಿತ್ಯದ ವ್ಯಯ. ತಿಂಗಳು ತಿಂಗಳೂ ರಕ್ತ ಕಳೆದುಕೊಂಡು, ಕೂಡಿಟ್ಟ ಗಂಟೇ ಇಲ್ಲದೆ ಬಸುರಾಗುವ ನಮ್ಮ ಹುಡುಗಿಯರಿಗೆ ಇಷ್ಟನ್ನು ಊಟವೊಂದರಿಂದಲೇ ತುಂಬುವುದು ಅಸಾಧ್ಯ. ಆದಕಾರಣವೇ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವ ಗುಳಿಗೆಯನ್ನು ದಿನಕ್ಕೊಂದರಂತೆ 180 ದಿನ, ಹೆರಿಗೆಯ ತರುವಾಯ ಮತ್ತೆ 180 ದಿನ ನುಂಗಬೇಕೆಂಬ ನಿಯಮ. ರಕ್ತಹೀನತೆಯ ಗೆರೆ ಹನ್ನೊಂದು. ನಿಮ್ಮ ಮಗಳು ಒಂಬತ್ತರಲ್ಲಿರುವುದರಿಂದ ಅವಳಿಗೆ ದಿನಕ್ಕೆರಡು, ತಿಂಗಳಿಗೊಮ್ಮೆ ಪರೀಕ್ಷೆ. ಏರದಿದ್ದರೆ ರಕ್ತನಾಳದ ಮೂಲಕ ಕೊಡುವ ಮದ್ದುಂಟು, ಆಸ್ಪತ್ರೆಯವರು ಅದನ್ನು ನಿರ್ಣಯಿಸುತ್ತಾರೆ. ವಾಕರಿಕೆಯಾದರೆ ರಾತ್ರಿ ಊಟವಾದ ಮೇಲೆ ಲಿಂಬೆಯ ನೀರಿನೊಡನೆ ನುಂಗಲಿ. ಸುಣ್ಣದಂಶದ ಗುಳಿಗೆಯನ್ನು ಅದೇ ಹೊತ್ತಿಗೆ ಕೊಡಬೇಡಿ, ಅವೆರಡೂ ಒಂದು ದಾರಿಯಲ್ಲಿ ನಡೆಯುವವಲ್ಲ. ಇನ್ನೊಂದು ಮಾತು ಕೇಳಬೇಕು: ಅವಳು ಮಣ್ಣು ತಿನ್ನುತ್ತಾಳೆಯೆ?

ಮಾಸ್ತರರು: ಅದು ನಿಮಗೆ ಹೇಗೆ ತಿಳಿಯಿತು? ಹಿತ್ತಲ ಗೋಡೆಗೆ ನೀರು ಚಿಮುಕಿಸಿದಾಗ ಏಳುವ ವಾಸನೆಗೆ ಅವಳು ನಿಂತಲ್ಲೇ ನಿಂತುಬಿಡುತ್ತಾಳೆಂದು ಮನೆಯಾಕೆ ಹೇಳಿದ್ದಳು. ಬಯಕೆಯೆಂದು ನಕ್ಕು ಸುಮ್ಮನಾದೆವು.

ವೈದ್ಯೆ: ಬಯಕೆಯೇ, ಆದರೆ ದೇಹ ಬೇಡುವುದು ಒಂದನ್ನು, ನಾಲಗೆ ಹುಡುಕುವುದು ಇನ್ನೊಂದನ್ನು. ಕಬ್ಬಿಣ ಬರಿದಾದಾಗ ಮಣ್ಣು, ಬೂದಿ, ಬಳಪಗಳ ಆಸೆ ಹುಟ್ಟುವುದನ್ನು ನಾವು ವಾರ್ಡುಗಳಲ್ಲಿ ನೋಡುತ್ತಲೇ ಬಂದಿದ್ದೇವೆ. ಮಣ್ಣಿನೊಡನೆ ಜಂತುಹುಳುವಿನ ತತ್ತಿಗಳೂ ಹೊಟ್ಟೆಗೆ ಹೋಗಿ, ಇದ್ದ ರಕ್ತವನ್ನೂ ಕುಡಿಯುತ್ತವೆ. ನಾಲ್ಕನೆಯ ತಿಂಗಳಾದ ಮೇಲೆ ಕೊಡುವ ಹುಳುವಿನ ಗುಳಿಗೆ ಅವಳಿಗೆ ಸಿಕ್ಕಿತ್ತೋ ಇಲ್ಲವೋ ಕಾರ್ಡಿನಲ್ಲಿ ನೋಡಿಕೊಳ್ಳಿ.

ಮಾಸ್ತರರು: ಬಯಕೆಯ ಮಾತು ಬಂದದ್ದರಿಂದ ನನ್ನ ಶಾಸ್ತ್ರವನ್ನೂ ಸ್ವಲ್ಪ ಬಿಚ್ಚುತ್ತೇನೆ, ಕ್ಷಮಿಸಬೇಕು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನನ್ನು ನಾವು ನಮ್ಮ ಜಿಲ್ಲೆಯ ಮರತೂರಿನವನೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ, ಗರ್ಭಿಣಿಯ ದೋಹದವನ್ನು, ಎಂದರೆ ಬಯಕೆಯನ್ನು ಸಲ್ಲಿಸದೆ ಹೋದರೆ ಗರ್ಭಕ್ಕೆ ವೈರೂಪ್ಯವೋ ಮರಣವೋ ಒದಗುವುದೆಂದೂ, ಆದ್ದರಿಂದ ಆಕೆಗೆ ಪ್ರಿಯವಾದುದನ್ನು ಮಾಡಬೇಕೆಂದೂ ವಿಧಿಯಿದೆ. ಆಸ್ತಿಯ ಭಾಗವನ್ನು ಕುರಿತು ನ್ಯಾಯಾಲಯಗಳು ಇಂದಿಗೂ ಹೆಸರಿಸುವ ಗ್ರಂಥದಲ್ಲಿ ಬಸುರಿಯ ಊಟದ ಭಾಗದ ಮಾತೂ ಇರುವುದು ನನಗೆ ಬಹು ಸೊಗಸಾಗಿ ಕಂಡಿದೆ.

ವೈದ್ಯೆ: ಆಸ್ತಿಯ ಭಾಗಕ್ಕಾಗಿ ದಾವೆ ಹೂಡಿದವರನ್ನು ಕಂಡಿದ್ದೇನೆ, ಊಟದ ಭಾಗಕ್ಕಾಗಿ ಹೂಡಿದವಳನ್ನು ಇನ್ನೂ ಕಂಡಿಲ್ಲ. ಆ ವಿಧಿಯ ಭಯಕಾರಣವನ್ನು ನಾನು ಒಪ್ಪಲಾರೆ, ಈಡೇರದ ಬಯಕೆಯಿಂದ ಕೂಸಿಗೆ ವೈರೂಪ್ಯ ಬರುವುದಿಲ್ಲ. ಆದರೆ ವಿರೂಪ ತರುವ ಕೊರತೆಯೊಂದಿದೆ. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದು, ಗಿರಣಿ ಕಾರ್ಮಿಕರ ಬಡ ಬಸುರಿಯರಲ್ಲಿ ಕಾಣುತ್ತಿದ್ದ ಒಂದು ವಿಚಿತ್ರ ರಕ್ತಹೀನತೆಯನ್ನು ಅಭ್ಯಸಿಸಿ, ಅದು ರೋಗಾಣುವಿನಿಂದ ಬಂದದ್ದಲ್ಲ, ಊಟದ ದಾರಿದ್ರ್ಯದಿಂದ ಬಂದದ್ದೆಂದು ತೋರಿಸಿದಳು. ಯೀಸ್ಟಿನ ಸಾರ ಕೊಟ್ಟು ಗುಣಪಡಿಸಿದಳು. ಆ ಸಾರದೊಳಗಿನ ವಸ್ತುವನ್ನು 1941ರಲ್ಲಿ ಪಾಲಕ ಸೊಪ್ಪಿನಿಂದ ಬೇರ್ಪಡಿಸಿದರು. ನಾನು ಆಗ ಹೇಳಿದ ಗುಳಿಗೆಯ ಫೋಲಿಕ್ ಆಮ್ಲವೇ ಅದು. ಗರ್ಭ ನಿಂತ ಇಪ್ಪತ್ತೆಂಟು ದಿನಗಳೊಳಗೆ ಶಿಶುವಿನ ಮಿದುಳುಬಳ್ಳಿಯ ನಾಳ ಮುಚ್ಚಿಕೊಳ್ಳಬೇಕು. ಫೋಲಿಕ್ ಆಮ್ಲ ಸಾಲದಿದ್ದರೆ ಅದು ಬಾಯ್ದೆರೆದು ಉಳಿಯುವ ಅಪಾಯ ಹೆಚ್ಚು. ಆ ಹೊತ್ತಿಗೆ ಹುಡುಗಿಗೆ ತಾನು ಬಸುರಿಯೆಂಬುದೇ ತಿಳಿದಿರುವುದಿಲ್ಲ. ಎಂದರೆ ಬಸುರಿಯ ಊಟ ಬಸುರಿಗೆ ಮುಂಚೆಯೇ, ಮದುವೆಯ ಹಂದರದಲ್ಲಿಯೇ ಮೊದಲಾಗಬೇಕು. ಸೊಪ್ಪನ್ನು ಬಹಳ ಹೊತ್ತು ಕುದಿಸಿ ನೀರು ಬಸಿದು ಚೆಲ್ಲುವ ಮನೆಗಳಲ್ಲಿ ಈ ಜೀವಸತ್ವ ಮೋರಿಗೆ ಹೋಗುತ್ತದೆ.

ಮಾಸ್ತರರು: ಪಪ್ಪಾಯಿಯ ತೀರ್ಪೇನು?

ವೈದ್ಯೆ: ಕಾಯಿಯಲ್ಲಿರುವ ಹಾಲಿನಂಥ ರಸ ಗರ್ಭಕೋಶವನ್ನು ಸಂಕುಚಿಸಬಲ್ಲುದೆಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ, ಕಾಯಿ ಬೇಡ. ಪೂರ್ತಿ ಮಾಗಿದ ಹಣ್ಣಿನ ಒಂದು ಹೋಳು ನಿರಪಾಯ. ನಿಮ್ಮ ನೆರೆಯವಳಿಗೆ ಅದರಿಂದ ನಿದ್ರೆ ಕೆಡುವುದಾದರೆ ಪೇರಲ ತಿನ್ನಿಸಿ, ಜಗಳವೇಕೆ? ಡಬ್ಬಿಯ ಪುಡಿಯಲ್ಲಿ ಹೆಚ್ಚಿನದು ಸಕ್ಕರೆ. ಅದಕ್ಕೆ ಸುರಿಯುವ ಹಣಕ್ಕೆ ತಿಂಗಳಿಡೀ ಹಾಲು, ಶೇಂಗಾ ಬರುತ್ತವೆ. ಈ ಸಕ್ಕರೆಯ ಮಾತನ್ನು ನಗರದ ಬಸುರಿಯರಿಗೆ ಇನ್ನೂ ಗಟ್ಟಿಯಾಗಿ ಹೇಳಬೇಕು: ಕುಳಿತಲ್ಲೇ ಕುಳಿತು ಸಿಹಿ ತಿಂದು ಮಧುಮೇಹ ತಂದುಕೊಂಡವರು ಈಗೀಗ ಹೆಚ್ಚುತ್ತಿದ್ದಾರೆ. ನಿಮ್ಮ ಮನೆಯಲ್ಲಿ ಮೊಟ್ಟೆಯ ಬಳಕೆ ಇಲ್ಲವೆಂದು ಬಲ್ಲೆ. ಹಾಗಿದ್ದರೆ ಹಾಲು ಮೊಸರು ತಪ್ಪಲೇಬಾರದು. ಬಿ-12 ಜೀವಸತ್ವ ಸಸ್ಯಗಳಲ್ಲಿ ಇಲ್ಲವೇ ಇಲ್ಲ, ಹಾಲು, ಮೊಟ್ಟೆ, ಮಾಂಸಗಳಲ್ಲಿ ಮಾತ್ರ ಇದೆ; ಮೈಸೂರಿನ ಗರ್ಭಿಣಿಯರಲ್ಲಿಯೂ ಅದರ ಕೊರತೆ ವ್ಯಾಪಕವಾಗಿ ಕಂಡಿದೆ. ಈ ಬಿಸಿಲಿಗೆ ಮಜ್ಜಿಗೆಯೂ ಅಂಬಲಿಯೂ ನೀರಿನ ಜೊತೆಗೆ ಯಥೇಚ್ಛವಾಗಿ ಹೋಗಲಿ.

ಮಾಸ್ತರರು: ಇಷ್ಟೆಲ್ಲ ತಿನ್ನಿಸಬೇಕೆಂದರೆ ನನ್ನ ತಾಯಿಯ ಒಂದು ಮಾತು ಅಡ್ಡ ನಿಲ್ಲುತ್ತದೆ. ಅವಳನ್ನು ಅಜ್ಞಾನಿಯೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಎಷ್ಟೋ ಹೆರಿಗೆಗಳನ್ನು ಕಣ್ಣಾರೆ ಕಂಡವಳು.

ವೈದ್ಯೆ: ತಳ್ಳಿಹಾಕಕೂಡದು. ಮಾರ್ಕ್ ನಿಕ್ಟರ್, ಮಿಮಿ ನಿಕ್ಟರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ದಂಪತಿಗಳು ದಕ್ಷಿಣ ಕನ್ನಡದ ಹಳ್ಳಿಗಳಲ್ಲಿದ್ದು 1983ರಲ್ಲಿ ಪ್ರಕಟಿಸಿದ ಲೇಖನದಲ್ಲಿ ನಿಮ್ಮ ತಾಯಿಯ ವಾದವೇ ಇದೆ: ಕೂಸೂ ಅನ್ನವೂ ಒಂದೇ ಹೊಟ್ಟೆಯಲ್ಲಿ ಇರುವುವು, ಅನ್ನ ಹೆಚ್ಚಾದರೆ ಕೂಸಿಗೆ ಜಾಗವಿಲ್ಲ. ಕಡಲ ತೀರದವಳೂ ಕಪ್ಪು ನೆಲದವಳೂ ಮಾತಾಡಿಕೊಳ್ಳದೆಯೇ ಒಂದು ತೀರ್ಮಾನಕ್ಕೆ ಬಂದಿದ್ದಾರೆಂದರೆ ಅದರ ಬೆನ್ನಿಗೆ ಒಂದು ಅನುಭವವಿರಲೇಬೇಕು. ಶಸ್ತ್ರಚಿಕಿತ್ಸೆಯ ಆಸ್ಪತ್ರೆ ದೂರವಿದ್ದ ಕಾಲದಲ್ಲಿ ದೊಡ್ಡ ಕೂಸು ಅಡ್ಡ ಸಿಕ್ಕಿಕೊಂಡರೆ ತಾಯಿಗೆ ಮೃತ್ಯುವೇ ಗತಿ. ಸಣ್ಣ ಕೂಸನ್ನು ಹೆತ್ತು ಆಮೇಲೆ ಬೆಳೆಸಿಕೊಳ್ಳೋಣವೆಂಬುದು ಆ ತಲೆಮಾರಿನ ಹೆಂಗಸರು ತಮ್ಮ ಜೀವವನ್ನು ಕಾಪಾಡಿಕೊಂಡ ಜಾಣ್ಮೆ. ಇಂದು ಆಸ್ಪತ್ರೆ ಇದೆ, ಜಾಣ್ಮೆ ಮಾತ್ರ ಹಳೆಯದೇ ಉಳಿದಿದೆ. ಸಣ್ಣ ಕೂಸಿನ ಸಾಲ ಎಷ್ಟು ದೂರದವರೆಗೆ ಬೆನ್ನಟ್ಟುವುದೆಂಬುದನ್ನು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನ ಮಿಷನ್ ಆಸ್ಪತ್ರೆ ಎನ್ನುವರಲ್ಲ, ಅದು ಲೋಕಕ್ಕೆ ತೋರಿಸಿಕೊಟ್ಟಿತು. ಅಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕವನ್ನು ಬರೆದಿಟ್ಟ ಪುಸ್ತಕಗಳಿದ್ದವು. ಹಾಗೆ ಹುಟ್ಟಿ ಮಧ್ಯವಯಸ್ಸು ಮುಟ್ಟಿದ 517 ಜನರನ್ನು ಹುಡುಕಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿತ್ತು.

ಮಾಸ್ತರರು: ಹಾಗಾದರೆ ಎರಡು ಜೀವಕ್ಕೆ ಎರಡರಷ್ಟು ಉಣ್ಣಿಸಬೇಕೆ?

ವೈದ್ಯೆ: ಅದೂ ಅತಿಯೇ. ದಿನಕ್ಕೆ ಹೆಚ್ಚಾಗಿ ಬೇಕಾದದ್ದು ಸುಮಾರು 350 ಕ್ಯಾಲರಿ, ಹೆಚ್ಚುಕಡಿಮೆ ಒಂದು ಜೋಳದ ರೊಟ್ಟಿ, ಒಂದು ಬಟ್ಟಲು ಗಟ್ಟಿ ಬೇಳೆ. ಕೂಸು ಕೂಡುವುದು ಗರ್ಭಕೋಶದಲ್ಲಿ, ಜಠರದಲ್ಲಲ್ಲ; ಆದರೂ ದಿನ ತುಂಬುತ್ತ ಬಂದಂತೆ ಜಠರ ಒತ್ತಡಕ್ಕೆ ಸಿಕ್ಕುವುದರಿಂದ ಅಜ್ಜಿಯ ಮಾತಿನಲ್ಲಿ ಅಷ್ಟರಮಟ್ಟಿನ ಸತ್ಯವುಂಟು. ಮೂರು ಸಲದ ಊಟವನ್ನು ಐದಾರು ಸಲಕ್ಕೆ ಹಂಚಿರಿ. ಪುಣೆಯ ಸುತ್ತಣ ಆರು ಹಳ್ಳಿಗಳ ಬಸುರಿಯರನ್ನು ಅಭ್ಯಸಿಸಿದವರು, ಕೂಸಿನ ಬೆಳವಣಿಗೆ ಹೊಂದಿಕೊಂಡಿದ್ದುದು ತಾಯಿ ಉಂಡ ಒಟ್ಟು ಅನ್ನದ ರಾಶಿಗಿಂತ ಹೆಚ್ಚಾಗಿ ಸೊಪ್ಪು, ಹಣ್ಣು, ಹಾಲುಗಳೊಡನೆ ಎಂದು ಕಂಡರು. ಇರಲಿ, ಈಗ ನಾನು ನಿಮ್ಮನ್ನು ಕೇಳುತ್ತೇನೆ. ತೊಗರಿಗೂ ಭೌಗೋಳಿಕ ಗುರುತು ಪಡೆದ ಜಿಲ್ಲೆ ನಮ್ಮದು. ಕಪನೂರಿನ ಕಡೆ ಹೋದರೆ ದಾಲ್ ಮಿಲ್ಲುಗಳ ಸದ್ದು. ನಿಮ್ಮ ಮಗಳ ಬಟ್ಟಲಿಗೆ ಬೀಳುವ ಬೇಳೆ ಗಟ್ಟಿಯೋ ತಿಳಿಯೋ?

ಮಾಸ್ತರರು: ರಾಶಿಯಾದೊಡನೆ ತೊಗರಿ ಮಾರಿ ಸಾಲ ತೀರಿಸಿ, ಮುಂದೆ ಅದೇ ತೊಗರಿಯ ಬೇಳೆಯನ್ನು ಪೇಟೆಯ ದರಕ್ಕೆ ಕೊಳ್ಳುವ ಒಕ್ಕಲು ಮನೆಗಳು ನಮ್ಮಲ್ಲಿ ಹಲವು, ನೆಟೆ ರೋಗ ಬಿದ್ದ ವರ್ಷ ಮಾರಲಿಕ್ಕೂ ಇಲ್ಲ. ಆದರೆ ನಮ್ಮ ಮನೆಯಲ್ಲಿ ಬೇಳೆ ಗಟ್ಟಿಯಾಗಿಯೇ ಇರುತ್ತದೆ.

ವೈದ್ಯೆ: ಯಾರ ತಾಟಿನಲ್ಲಿ? ಮೊದಲು ನೀವು, ನಿಮ್ಮ ಮಗ, ಮನೆಗೆ ಬಂದವರು, ಆಮೇಲೆ ಮಕ್ಕಳು, ತರುವಾಯ ನಿಮ್ಮ ತಾಯಿ, ಕಟ್ಟಕಡೆಗೆ ಒಲೆಯ ಮುಂದಿನಿಂದ ಎದ್ದ ನಿಮ್ಮ ಮನೆಯಾಕೆಯೂ ಮಗಳೂ. ಆ ಹೊತ್ತಿಗೆ ಗಡಿಗೆಯಲ್ಲಿ ಉಳಿದದ್ದಕ್ಕೆ ಒಂದು ತಂಬಿಗೆ ನೀರು, ಒಂದು ಚಿಟಿಕೆ ಖಾರ ಬೀಳುತ್ತದೆ. ಪಲ್ಯದ ಬಟ್ಟಲು ಬರಿದಾಗಿರುತ್ತದೆ. ರೊಟ್ಟಿಗೆ ಹಿಂಡಿಯೇ ಗತಿ. ನಿಮ್ಮ ಹೊಲದಲ್ಲಿ ಎಲ್ಲವೂ ಇದೆ ಮಾಸ್ತರರೇ, ಪಂಕ್ತಿಯ ಕಡೆಯಲ್ಲಿ ಇಲ್ಲ. ಕುಬಸದ ದಿನ ಹಸಿರು ಸೀರೆ ಉಡಿಸಿ, ಹೋಳಿಗೆ ಬಡಿಸಿ, ಊರ ಮುತ್ತೈದೆಯರೆಲ್ಲ ಅವಳ ಬಾಯಿಗೆ ತುತ್ತಿಡುತ್ತಾರೆ; ಮರುದಿನದಿಂದ ಅವಳು ಮತ್ತೆ ಕಡೆಯ ಪಂಕ್ತಿಯವಳೇ.

ಮಾಸ್ತರರು: (ತುಸು ಹೊತ್ತಿನ ಮೇಲೆ) ಅಂಗನವಾಡಿಯ ಊಟದ ಯೋಜನೆ ಇದಕ್ಕಾಗಿಯೇ ಹುಟ್ಟಿತೆ?

ವೈದ್ಯೆ: ಮಾತೃಪೂರ್ಣವನ್ನು 2017ರ ಗಾಂಧಿ ಜಯಂತಿಯಂದು ಆರಂಭಿಸಿದವರು ಈ ಪಂಕ್ತಿಯ ವಿಚಾರವನ್ನು ಬಲ್ಲವರೆಂದೇ ನನ್ನ ಭಾವನೆ. ದಿನಸಿಯನ್ನು ಮನೆಗೆ ಕಳಿಸಿದರೆ ಅದು ಇಡೀ ಮನೆಯ ಗಡಿಗೆಗೆ ಬೀಳುತ್ತದೆ. ಬಸುರಿಯೇ ಅಂಗನವಾಡಿಗೆ ಬಂದು ಅನ್ನ, ಬೇಳೆ ಸಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿಗಳನ್ನು ಉಂಡು ಹೋದರೆ ಅದು ಅವಳ ಹೊಟ್ಟೆಗೇ ಸೇರುತ್ತದೆ. ವಿಚಾರ ಉತ್ತಮವಾದದ್ದು, ಆದರೆ ದಿನ ತುಂಬಿದವಳು ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಒಂದು ತುತ್ತಿಗಾಗಿ ಊರ ಆ ತುದಿಗೆ ನಡೆಯಬೇಕೆಂಬುದನ್ನೂ, ಕೂಲಿ ಬಿಟ್ಟು ಬರಲಾರದವಳಿದ್ದಾಳೆಂಬುದನ್ನೂ, ಹತ್ತು ಜನರೆದುರು ಉಣ್ಣಲು ನಾಚುವ ಸೊಸೆಯಿದ್ದಾಳೆಂಬುದನ್ನೂ ಕಾಗದದ ಮೇಲೆ ಯಾರೂ ಬರೆದಿರಲಿಲ್ಲ. ಕೊರೋನಾ ಕಾಲದಲ್ಲಿ ದಿನಸಿ ಮತ್ತೆ ಮನೆಗೇ ಹೋಯಿತು. ಸರಕಾರ ಪಂಕ್ತಿಯನ್ನು ಊರ ನಡುವೆ ಹಾಕಬಲ್ಲುದು, ನಿಮ್ಮ ಅಡುಗೆಮನೆಯಲ್ಲಿ ಹಾಕಲಾರದು.

ಮಾಸ್ತರರು: ನಾನು ಹಾಕುತ್ತೇನೆಂದೇ ಇಟ್ಟುಕೊಳ್ಳಿ. ಮಗಳನ್ನು ಮೊದಲ ಪಂಕ್ತಿಗೆ ಕೂಡಿಸಿದರೆ ನನ್ನ ತಾಯಿಯ ಮುಖ ನೋಡುವುದು ಹೇಗೆ?

ವೈದ್ಯೆ: ನಿಮ್ಮ ತಾಯಿಯನ್ನೂ ಅವಳ ಮಗ್ಗುಲಿಗೇ ಕೂಡಿಸಿರಿ. ಆಕೆ ಸೊಸೆಯಾಗಿ ಬಂದ ದಿನದಿಂದ ಎಷ್ಟು ವರ್ಷ ಕಡೆಗೆ ಉಂಡಿರಬಹುದು, ಎಂದಾದರೂ ಯೋಚಿಸಿದ್ದೀರಾ? ಮೊಮ್ಮಗಳೊಡನೆ ಬಿಸಿ ರೊಟ್ಟಿ ಮುರಿಯುವ ಅಜ್ಜಿ ಅವಳ ತಾಟಿನಿಂದ ಒಂದನ್ನು ಎತ್ತಿಡುವಳೆಂದು ನನಗೆ ತೋರುವುದಿಲ್ಲ.

ಮಾಸ್ತರರು: ನಿಮಗೆ ಒಲೆಯ ಸಂಗತಿ ಗೊತ್ತಿಲ್ಲವೆಂದಲ್ಲ, ಆದರೂ ಹೇಳುತ್ತೇನೆ. ಅನ್ನದ ನಾಡಿನಲ್ಲಿ ಬೋಗುಣಿ ಇಳಿಸಿ ಎಲ್ಲರೂ ಒಟ್ಟಿಗೆ ಕೂಡಬಹುದು. ನಮ್ಮದು ರೊಟ್ಟಿಯ ನಾಡು. ಒಂದೊಂದನ್ನೇ ಬಡಿದು, ಹಂಚಿನಿಂದ ತೆಗೆದದ್ದನ್ನು ಬಿಸಿಯಾಗಿ ತಾಟಿಗೆ ಹಾಕಬೇಕು. ಬಡಿಯುವವಳು ಉಳಿದವರೆಲ್ಲ ಏಳುವವರೆಗೆ ಕೂಡುವಂತಿಲ್ಲ. ಮಗಳು ಎದ್ದರೆ ಮನೆಯಾಕೆ ಒಬ್ಬಳೇ ಬೆಂಕಿಯ ಮುಂದೆ.

ವೈದ್ಯೆ: ಇದು ನಿಜವಾದ ತೊಡಕು, ಶಾಸ್ತ್ರದ ತೊಡಕಲ್ಲ. ಬೆಳಗಿನ ತಂಪಿನಲ್ಲಿಯೇ ಕಟಕ ರೊಟ್ಟಿ ಮಾಡಿಡಬಹುದು. ಈಗ ಕಲಬುರಗಿಯಲ್ಲಿ ಅವನ್ನು ಕಟ್ಟುಕಟ್ಟಾಗಿ ಮಾರುವ ಹೆಣ್ಣುಮಕ್ಕಳ ಸಂಘಗಳೂ ಇವೆ. ಬೇಳೆಯಲ್ಲಿ ನೆನೆಸಿದರೆ ಹಲ್ಲಿಲ್ಲದ ಅಜ್ಜಿಗೂ ಸುಲಭ.

ಮಾಸ್ತರರು: ಬಸುರಿಗೆ ಒಣ ರೊಟ್ಟಿಯೆಂದರೆ ಮನೆಯಾಕೆಯೇ ಒಪ್ಪಲಾರಳು.

ವೈದ್ಯೆ: ಒಪ್ಪದಿದ್ದರೆ ಒಣ ರೊಟ್ಟಿ ಗಂಡಸರಿಗೆ. ಹಂಚಿನ ಮೊದಲ ಬಿಸಿ ರೊಟ್ಟಿ ಮಗಳಿಗೆ, ಎರಡನೆಯದು ನಿಮ್ಮ ತಾಯಿಗೆ, ಮೂರನೆಯದನ್ನು ಬಡಿದವಳು ತಾನೇ ತಿನ್ನಲಿ. ಗಡಿಗೆಯ ಅಡಿಯ ಗಟ್ಟಿ ಬೇಳೆಯನ್ನು ಸೌಟಿನಿಂದ ಕದಡಿ ಮೊದಲು ಅವರಿಗೆ ಬಡಿಸಿ, ತಿಳಿಯನ್ನು ನೀವು ಉಣ್ಣಿರಿ.

ಮಾಸ್ತರರು: ನಾನು ಉಂಡೇನು. ಆದರೆ ಬರುವ ಸೋಮವಾರ ಅಳಿಯಂದಿರು ಬರುವವರಿದ್ದಾರೆ. ಅವರನ್ನು ಎರಡನೆಯ ಪಂಕ್ತಿಗೆ ಕಾಯಿಸುವುದೆಂದರೆ ಬೀಗರಲ್ಲಿ ಮಾತು ಬರುತ್ತದೆ.

ವೈದ್ಯೆ: ಕಾಯಲಿ. ಆ ಹೊತ್ತಿನಲ್ಲಿ ನೀವು ಅವರಿಗೆ ಮಿತಾಕ್ಷರಾ ಓದಿ ಹೇಳಿರಿ. ಆ ವಿಧಿ ಬರೆದಿರುವುದು ಮಾವನಿಗಲ್ಲ, ಗಂಡನಿಗೆ.